ಒಂದಾಣೆಗೊಂದು ಸೊಳ್ಳೆ

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಕಂಡುಹಿಡಿದವರು ಯಾರು? ಶಾಲೆಯಲ್ಲಿ ಕೇಳುತ್ತಿದ್ದ ಈ ಒಂದು ಅಂಕದ ಪ್ರಶ್ನೆಗೆ ನಾವೆಲ್ಲರೂ ಬರೆದ ಉತ್ತರ ಒಂದೇ: ರೊನಾಲ್ಡ್ ರಾಸ್. ಉತ್ತರ ಸರಿಯಾಗಿಯೇ ಇದೆ. ಆದರೆ 1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನ ಬೇಗಂಪೇಟೆಯ ದಂಡಿನ ಆಸ್ಪತ್ರೆಯಲ್ಲಿ ಸೊಳ್ಳೆಪರದೆಯೊಳಗೆ ಮಲಗಿ, ಜ್ವರದ ಮೈಯನ್ನು ಸೊಳ್ಳೆಗಳಿಗೆ ಒಡ್ಡಿಕೊಂಡವನ ಹೆಸರು ಹುಸೇನ್ ಖಾನ್. ಹೊರಗಿನ ಸೊಳ್ಳೆ ಒಳಗೆ ಬರದಂತೆ ತಡೆಯುವುದು ಪರದೆಯ ಕೆಲಸ. ಆ ದಿನ ಅದು ಒಳಗೆ ಬಿಟ್ಟ ಸೊಳ್ಳೆ ಹೊರಗೆ ಹೋಗದಂತೆ ತಡೆಯಿತು. ಹೊಟ್ಟೆ ತುಂಬ ರಕ್ತ ಕುಡಿದ ಒಂದೊಂದು ಸೊಳ್ಳೆಗೆ ಹುಸೇನ್ ಖಾನನಿಗೆ ಸಿಕ್ಕಿದ್ದು ಒಂದೊಂದಾಣೆ.

ಐದು ವರ್ಷಗಳ ನಂತರ, 1902ರಲ್ಲಿ, ರಾಸ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. 1928ರಲ್ಲಿ ತಮ್ಮ ಕಾಗದಪತ್ರಗಳನ್ನು ಅವರು ಲೇಡಿ ಹ್ಯೂಸ್ಟನ್ ಎಂಬ ಶ್ರೀಮಂತ ಮಹಿಳೆಗೆ 2000 ಪೌಂಡಿಗೆ ಮಾರಿದರು. ಪ್ರಶಸ್ತಿ ಬಂದದ್ದು ತಪ್ಪು ಎಂದಾಗಲಿ, ರಾಸ್ ಮೋಸಗಾರರು ಎಂದಾಗಲಿ ಹೇಳಲು ನಾನು ಹೊರಟಿಲ್ಲ. ಆ ಮನುಷ್ಯ ನಿಜಕ್ಕೂ ದುಡಿದವರು. ಆದರೆ ಈ ದೊಡ್ಡ ಶೋಧದ ಕಥೆಯನ್ನು ಓದುತ್ತ ಹೋದಂತೆ ಅದರ ಅಂಚಿನಲ್ಲಿ ಅಬ್ದುಲ್ ಖಾದಿರ್, ಲಛ್ಮನ್, ಅಪ್ಪಯ್ಯ, ಮುಹಮ್ಮದ್ ಬಕ್ಷ್ ಎಂಬ ಹೆಸರುಗಳು ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತವೆ. ಕಥೆ ಬರೆಯುವವನಿಗೆ ಮುಖ್ಯ ಪಾತ್ರಕ್ಕಿಂತ ಬಾಗಿಲ ಬಳಿ ನಿಂತ ಪಾತ್ರಗಳ ಮೇಲೆಯೇ ಕಣ್ಣು. ಈ ಬರಹ ಅವರನ್ನು ಹಿಡಿದು ಹೊರಟದ್ದು.

ಮೊದಲು ರೋಗದ ಬಗ್ಗೆ ಎರಡು ಮಾತು. ಕನ್ನಡದಲ್ಲಿ ಇದು ಚಳಿಜ್ವರ. ಆಯುರ್ವೇದದವರು ವಿಷಮಜ್ವರ ಎಂದರು. ಉರ್ದುವಿನಲ್ಲಿ ಜಾಡೇ ಕಾ ಬುಖಾರ್. ಒಂದು ದಿನ ಬಿಟ್ಟು ಒಂದು ದಿನ ಬಂದರೆ ತಿಜಾರಿ. ಯುನಾನಿ ಹಕೀಮರು ದಿನ ಎಣಿಸಿಯೇ ಜ್ವರಗಳನ್ನು ಬೇರೆ ಮಾಡುತ್ತಿದ್ದರು. ಆ ಲೆಕ್ಕ ಗ್ರೀಕರಿಂದ ಇಬ್ನ್ ಸೀನಾವರೆಗೆ, ಅಲ್ಲಿಂದ ನಮ್ಮ ಊರಿನ ದವಾಖಾನೆಯವರೆಗೆ ಹರಿದು ಬಂದದ್ದು. ಈ ಲೆಕ್ಕ ಸುಳ್ಳಾಗಿರಲಿಲ್ಲ. ಪರೋಪಜೀವಿಯು ರಕ್ತಕಣದೊಳಗೆ ಬೆಳೆದು, ಕಣವನ್ನು ಒಡೆದು ಹೊರಬರಲು ಅದರ ಜಾತಿಗೆ ತಕ್ಕಂತೆ 48 ಅಥವಾ 72 ಗಂಟೆ ತೆಗೆದುಕೊಳ್ಳುತ್ತದೆ. ಅದು ಒಡೆದ ಹೊತ್ತಿಗೆ ರೋಗಿಗೆ ನಡುಕ. ಹಕೀಮರಿಗೆ ಗಡಿಯಾರ ಕಂಡಿತ್ತು, ಅದರೊಳಗಿನ ಯಂತ್ರ ಕಂಡಿರಲಿಲ್ಲ. ಇಟಲಿಯವರು ದೋಷವನ್ನು ಗಾಳಿಯ ಮೇಲೆ ಹೊರಿಸಿದರು. ‘ಮಲೇರಿಯಾ’ ಎಂದರೆ ಅವರ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗುನೆಲದಿಂದ ಏಳುವ ವಿಷಗಾಳಿಯೇ ಜ್ವರಕ್ಕೆ ಕಾರಣ ಎಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು.

ಆ ನಂಬಿಕೆ ಅಲುಗಿದ್ದು 1880ರ ನವೆಂಬರ್ 6ರಂದು, ಅಲ್ಜೀರಿಯಾದ ಕಾನ್‌ಸ್ಟಂಟೈನ್ ಊರಿನ ಫ್ರೆಂಚ್ ಸೇನಾ ಆಸ್ಪತ್ರೆಯಲ್ಲಿ. ಲಾವೆರಾನ್ ಎಂಬ ವೈದ್ಯರು ಜ್ವರ ಬಂದ ಸೈನಿಕನೊಬ್ಬನ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅದರಲ್ಲಿ ಏನೋ ಜೀವಂತವಾಗಿ ಬಾಲ ಆಡಿಸುತ್ತಿತ್ತು. ರೋಗಕ್ಕೆ ಗಾಳಿಯಲ್ಲ, ಒಂದು ಪ್ರಾಣಿ ಕಾರಣ ಎಂದು ಅವರು ಸಾರಿದರು. ಬಹುಕಾಲ ಯಾರೂ ಸರಿಯಾಗಿ ಕಿವಿಗೊಡಲಿಲ್ಲ. ಕಿವಿಗೊಟ್ಟವರಿಗೂ ಒಂದು ಪ್ರಶ್ನೆ ಉಳಿಯಿತು: ಆ ಪ್ರಾಣಿ ಒಬ್ಬನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ಹೋಗುವುದು ಹೇಗೆ?

ಸೊಳ್ಳೆಯ ಕಡೆ ಬೆರಳು ತೋರಿಸಿದವರಲ್ಲಿ ಪ್ರಮುಖರು ಪ್ಯಾಟ್ರಿಕ್ ಮ್ಯಾನ್ಸನ್. ಅವರು ಚೀನಾದ ಅಮೋಯ್ ಬಂದರಿನಲ್ಲಿ ವೈದ್ಯರಾಗಿದ್ದವರು. ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಆನೆಕಾಲು ರೋಗದ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆ ಎಂದು 1877ರಲ್ಲಿ ತೋರಿಸಿದ್ದು ಇವರೇ. ಅದಕ್ಕಾಗಿ ರಾತ್ರಿಯಿಡೀ ಸೊಳ್ಳೆಗಳ ನಡುವೆ ಮಲಗಿದ್ದು ಅವರ ತೋಟದ ಮಾಲಿ, ಹಿನ್ ಲೋ ಎಂಬ ಚೀನೀಯ. ಅವನ ರಕ್ತದಲ್ಲಿ ಆ ಹುಳುಗಳಿದ್ದವು. ಯಜಮಾನ ಮಲಗು ಎಂದ, ಮಾಲಿ ಮಲಗಿದ. ಈ ಪದ್ಧತಿ ಸಿಕಂದರಾಬಾದಿನಲ್ಲಿ ಶುರುವಾದದ್ದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ರೊನಾಲ್ಡ್ ರಾಸ್ 1857ರಲ್ಲಿ ಅಲ್ಮೋರದಲ್ಲಿ ಹುಟ್ಟಿದರು. ತಂದೆ ಸೇನಾಧಿಕಾರಿ. ಮಗನಿಗೆ ಕವಿತೆ, ಸಂಗೀತ, ಗಣಿತದ ಹುಚ್ಚು. ತಂದೆಯ ಒತ್ತಾಯಕ್ಕೆ ವೈದ್ಯನಾಗಿ 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರು ದಂಡಿಗೆ ಬಂದಾಗ ಅವರಿದ್ದ ಬಂಗಲೆ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿರುವುದನ್ನು ನೋಡಿ ತೊಟ್ಟಿಯನ್ನು ಮಗುಚಿ ಹಾಕಿದರು. ಕಾಟ ತಗ್ಗಿತು. ಮೆಸ್ಸಿನ ತೊಟ್ಟಿಗಳನ್ನೂ ಹೀಗೆಯೇ ಮಗುಚೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಏನೋ ಉದ್ದೇಶಕ್ಕೇ ಸೃಷ್ಟಿಸಿದ್ದಾನೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬ ಅರ್ಥದ ಮಾತಾಡಿದನಂತೆ. ಮೂಢನಂಬಿಕೆ ನಮ್ಮ ಬಜಾರಿನವರದ್ದು ಮಾತ್ರ ಎಂದು ತಿಳಿದವರು ಈ ಸಾಹೇಬನನ್ನು ನೆನಪಿಟ್ಟುಕೊಳ್ಳಬೇಕು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ರಾಸ್ ಅವರಿಗೆ ಮ್ಯಾನ್ಸನ್ ಪರಿಚಯವಾಯಿತು. ಅಷ್ಟರವರೆಗೆ ಲಾವೆರಾನ್ ಮಾತನ್ನೇ ನಂಬದಿದ್ದ ರಾಸ್ ಅವರಿಗೆ ಮ್ಯಾನ್ಸನ್ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ತೋರಿಸಿಕೊಟ್ಟರು. ಸೊಳ್ಳೆಯೇ ಅದನ್ನು ಹೊರಗೆ ಒಯ್ಯುತ್ತಿರಬೇಕು ಎಂದರು. ಮುಂದಿನ ವರ್ಷ ರಾಸ್ ತಲೆ ತುಂಬ ಆ ಮಾತನ್ನೇ ತುಂಬಿಕೊಂಡು ಭಾರತಕ್ಕೆ ಮರಳಿದರು. ಸಿಕಂದರಾಬಾದಿನಲ್ಲಿ 19ನೇ ಮದ್ರಾಸ್ ಕಾಲ್ದಳದ ವೈದ್ಯಾಧಿಕಾರಿಯ ಕೆಲಸ.

ಬೇಕಾದದ್ದು ಮಲೇರಿಯಾ ರೋಗಿಗಳ ರಕ್ತ. ಅದು ಸುಲಭಕ್ಕೆ ಸಿಗಲಿಲ್ಲ. ಬೆರಳು ಚುಚ್ಚಿಸಿಕೊಂಡರೆ ಎರಡು ಮೂರು ರೂಪಾಯಿ ಕೊಡುತ್ತೇನೆಂದರೂ ಬಜಾರಿನ ಜನ ಹತ್ತಿರ ಬರುತ್ತಿಲ್ಲ, ಇದನ್ನು ಮಾಟ ಎಂದುಕೊಂಡಿದ್ದಾರೆ ಎಂದು ರಾಸ್ ಮ್ಯಾನ್ಸನ್ನರಿಗೆ ದೂರಿ ಬರೆದರು. ಆ ಕಾಲಕ್ಕೆ ಕೂಲಿಯವನಿಗೆ ಎರಡು ಮೂರು ರೂಪಾಯಿ ಸಣ್ಣ ದುಡ್ಡಲ್ಲ. ಹಾಗಿದ್ದೂ ಜನ ಓಡಿಹೋದರು. ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡೋಣ. ದಂಡಿನ ಸಾಹೇಬ, ಕೈಯಲ್ಲಿ ಸೂಜಿ. ಒಂದು ಹನಿ ರಕ್ತಕ್ಕೆ ಹಲವು ದಿನಗಳ ಕೂಲಿಗಿಂತ ಹೆಚ್ಚು ದುಡ್ಡು ಕೊಡುತ್ತಾನೆ, ಏಕೆಂದು ಬಿಡಿಸಿ ಹೇಳುವುದಿಲ್ಲ. ಅನುಮಾನ ಬಾರದೆ ಇದ್ದೀತೆ? ಕಾರಣ ತಿಳಿಸದೆ ಕೊಡುವ ದುಡ್ಡಿಗೆ ಬಡವ ಹೆದರುವುದು ಅನುಭವದಿಂದ ಕಲಿತ ಪಾಠ. ಅದನ್ನು ಅಜ್ಞಾನ ಎಂದು ಬರೆದುಕೊಂಡವರು ಸಾಹೇಬರು.

ಕೊನೆಗೆ 1895ರ ಮೇ ತಿಂಗಳಲ್ಲಿ ಸಿಕ್ಕವನು ಅಬ್ದುಲ್ ಖಾದಿರ್. ಅವನ ರಕ್ತದಲ್ಲಿ ಪರೋಪಜೀವಿಯ ಅರ್ಧಚಂದ್ರಾಕಾರದ ರೂಪಗಳು ಹೇರಳವಾಗಿದ್ದವು. ರೋಗವನ್ನು ಮನುಷ್ಯನಿಂದ ಸೊಳ್ಳೆಗೆ ದಾಟಿಸುವುದು ಈ ಹೊಸ ಚಂದ್ರನಂಥ ರೂಪಗಳೇ ಎಂಬುದು ಈಗ ನಮಗೆ ಗೊತ್ತು. ಅವನನ್ನು ಪರದೆಯೊಳಗೆ ಮಲಗಿಸಿ ಸೊಳ್ಳೆ ಬಿಟ್ಟರೆ ಅವು ಕಚ್ಚಲೊಲ್ಲವು. ಪರದೆಯನ್ನು ನೀರಿನಲ್ಲಿ ನೆನೆಸಿದ ಮೇಲೆ ಕಚ್ಚಿದವು. ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಅರ್ಧಚಂದ್ರಗಳು ದುಂಡಗಾಗಿ, ಬಾಲ ಬಿಟ್ಟು ಆಡುವುದನ್ನು ರಾಸ್ ಕಂಡರು. ಅಲ್ಲಿಂದ ಮುಂದಿನ ದಾರಿ ಕಾಣಲಿಲ್ಲ.

ಕಾಣದಿರಲು ಮ್ಯಾನ್ಸನ್ನರ ಇನ್ನೊಂದು ಊಹೆಯೂ ಕಾರಣ. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರು ಕುಡಿದವನಿಗೆ ಜ್ವರ ಬರುತ್ತದೆ ಎಂದು ಅವರು ತಿಳಿದಿದ್ದರು. ಇದನ್ನು ಪರೀಕ್ಷಿಸಲು ರಾಸ್ ಅದೇ ಮೇ ತಿಂಗಳಲ್ಲಿ ಸುಮಾರು ಇಪ್ಪತ್ತು ವರ್ಷದ, ಗಟ್ಟಿಮುಟ್ಟಾಗಿದ್ದ ಲಛ್ಮನ್ ಎಂಬ ಡೋಲಿ ಹೊರುವ ಹುಡುಗನಿಗೆ ರೋಗಿಯ ರಕ್ತ ಕುಡಿದ ಸೊಳ್ಳೆಗಳು ಸತ್ತುಬಿದ್ದ ನೀರನ್ನು ಕುಡಿಸಿದರು. ಹನ್ನೊಂದನೆಯ ದಿನ ಅವನಿಗೆ ಜ್ವರ ಬಂತು. ರಾಸ್ ಅವರಿಗೆ ಆಗ ಸಂತೋಷವೇ ಆಯಿತು. ಫಲ ಸಿಕ್ಕರೆ ಅದರ ಮಹತ್ವ ದೊಡ್ಡದು, ಔಷಧಿಯಾಗಿ ಕ್ವಿನೈನ್ ಕೈಯಲ್ಲೇ ಇದೆ, ಹಾಗಾಗಿ ಇದರಲ್ಲಿ ತಪ್ಪಿಲ್ಲ ಎಂದು ಅವರು ಸಮಾಧಾನ ಹೇಳಿಕೊಂಡಿದ್ದರು. ಲಛ್ಮನ್ನನ ಸಮಾಧಾನವನ್ನು ಯಾರೂ ಬರೆದಿಡಲಿಲ್ಲ. ಮುಂದೆ ಬೇರೆಯವರಿಗೂ ಇಂಥ ನೀರು ಕುಡಿಸಿ ನೋಡಿದಾಗ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ನೀರಿನ ಸಿದ್ಧಾಂತವೇ ಸುಳ್ಳಾಗಿತ್ತು. ಈ ಲಛ್ಮನ್ನನನ್ನು ಅಮಿತಾವ್ ಘೋಷ್ 1990ರ ದಶಕದಲ್ಲಿ ‘ದಿ ಕಲ್ಕತ್ತಾ ಕ್ರೋಮೊಸೋಮ್’ ಎಂಬ ತಮ್ಮ ಕಾದಂಬರಿಯಲ್ಲಿ ರಾಸ್ ಅವರನ್ನೇ ಕುಣಿಸುವ ನಿಗೂಢ ಮನುಷ್ಯನನ್ನಾಗಿ ಮಾಡಿದರು. ಕಾದಂಬರಿಕಾರ ತೀರಿಸಿದ ಸೇಡು ಅದು ಎಂದು ನನಗನಿಸುತ್ತದೆ.

1895ರ ಸೆಪ್ಟೆಂಬರಿನಲ್ಲಿ ರಾಸ್ ಅವರನ್ನು ಕಾಲರಾ ತಡೆಯುವ ಕೆಲಸಕ್ಕೆ ಬೆಂಗಳೂರಿಗೆ ಕಳಿಸಲಾಯಿತು. ಬಾವಿ, ಚರಂಡಿ, ಕಸದ ಗುಂಡಿಗಳ ನಡುವೆ ಓಡಾಟ. ಬಿಡುವಾದಾಗ ಸೊಳ್ಳೆ. ಇಂದಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಆಗ ಬೌರಿಂಗ್ ಸಿವಿಲ್ ಆಸ್ಪತ್ರೆ. ಅಲ್ಲಿಯ ಸಹಾಯಕ ಸರ್ಜನ್ ಒಬ್ಬರು 1896ರಲ್ಲಿ ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಗಳಿಂದ ತಾವೇ ಮುಂದೆ ಬಂದು ಕಚ್ಚಿಸಿಕೊಂಡರು. ಇಂಗ್ಲಿಷಿನಲ್ಲಿ ರಾಸ್ ಬರೆದ ಹೆಸರು ‘ಅಪ್ಪಿಯಾ’. ಅದು ನಮ್ಮ ಅಪ್ಪಯ್ಯನೇ ಇರಬೇಕು. ಇಡೀ ಕಥೆಯಲ್ಲಿ ತಾನು ಏನು ಮಾಡುತ್ತಿದ್ದೇನೆಂದು ತಿಳಿದು ತೋಳು ಚಾಚಿದ ಭಾರತೀಯ ಇವರು. ಇವರಿಗೆ ಜ್ವರ ಬರಲಿಲ್ಲ. ಅದು ಅದೃಷ್ಟವಲ್ಲ, ಸೊಳ್ಳೆಯ ಜಾತಿಯೇ ಬೇರೆಯಾಗಿತ್ತು. ಮನೆಯ ಸುತ್ತ ಸುಲಭಕ್ಕೆ ಸಿಗುವ ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳನ್ನೇ ರಾಸ್ ಎರಡು ವರ್ಷ ಕೊಯ್ದು ನೋಡುತ್ತಿದ್ದರು. ಪಟ್ಟೆಯದು ಇಂದು ನಾವು ಡೆಂಗಿಗೆ ಬೈಯುವ ಸೊಳ್ಳೆಯ ಕುಲದ್ದು. ಈ ಎರಡರಲ್ಲೂ ಮನುಷ್ಯನ ಮಲೇರಿಯಾ ಬೆಳೆಯುವುದಿಲ್ಲ.

1897ರಲ್ಲಿ ಊಟಿಯ ಕಡೆಗೆ ರಜೆಯ ಮೇಲೆ ಹೋದ ರಾಸ್ ಸೀಗೂರು ಘಾಟಿಯ ಜ್ವರದ ಸೀಮೆಯಲ್ಲಿ ಸೊಳ್ಳೆ ಹುಡುಕುತ್ತ ಅಲೆದು ತಾವೇ ಮಲೇರಿಯಾದಿಂದ ನಡುಗಿದರು. ಆಮೇಲೆ ಮತ್ತೆ ಸಿಕಂದರಾಬಾದ್. ಸೆಖೆಗೆ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣುಗಾಜು ಬಿರುಕು ಬಿಟ್ಟಿತ್ತು. ಪಂಖಾ ಎಳೆಸಿದರೆ ಕೊಯ್ದ ಸೊಳ್ಳೆ ಹಾರಿಹೋಗುತ್ತದೆ. ನಾನು ಈ ಮನುಷ್ಯನನ್ನು ಸಣ್ಣದು ಮಾಡುತ್ತಿಲ್ಲ ಎಂದದ್ದು ಇದಕ್ಕೇ. ಸರ್ಕಾರದ ಪ್ರೋತ್ಸಾಹವಿಲ್ಲದೆ, ಸೊಳ್ಳೆಯ ಜಾತಿ ತಿಳಿಸುವ ಒಂದು ಪುಸ್ತಕವೂ ಇಲ್ಲದೆ ಅವರು ಕೂತು ಕೊಯ್ದರು.

ಈ ಘಟ್ಟದಲ್ಲಿ ಕಥೆ ತಿರುಗುತ್ತದೆ. ಸೊಳ್ಳೆ ಹಿಡಿದು ತರಲು ರಾಸ್ ಆಳುಗಳನ್ನು ಇಟ್ಟಿದ್ದರು. ಆಗಸ್ಟ್ ನಡುವಿನಲ್ಲಿ ಅವರು ತಂದ ಮರಿಗಳಿಂದ ಕಂದು ಬಣ್ಣದ, ರೆಕ್ಕೆಯ ಮೇಲೆ ಚುಕ್ಕೆಯಿರುವ ಸೊಳ್ಳೆಗಳು ಎದ್ದವು. ಅದೇ ಹೊತ್ತಿಗೆ ಆಸ್ಪತ್ರೆಯ ಸಹಾಯಕನೊಬ್ಬ ಗೋಡೆಯ ಮೇಲೆ ಕೂತಿದ್ದ ಒಂದು ಸಣ್ಣ ಸೊಳ್ಳೆಯನ್ನು ತೋರಿಸಿದ. ಅದು ಎಲ್ಲ ಸೊಳ್ಳೆಗಳಂತೆ ಗೋಡೆಗೆ ಸಮನಾಗಿ ಕೂತಿರಲಿಲ್ಲ, ಹಿಂಭಾಗ ಎತ್ತಿಕೊಂಡು ಕೂತಿತ್ತು. ಮಲೇರಿಯಾ ಹರಡುವ ಅನಾಫಿಲೀಸ್ ಸೊಳ್ಳೆಯನ್ನು ಗುರುತಿಸಲು ಇವತ್ತಿಗೂ ಶಾಲೆಯ ಮಕ್ಕಳಿಗೆ ಹೇಳಿಕೊಡುವ ಗುರುತು ಅದೇ. ಎರಡು ವರ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರಿಗೆ ಹೊಳೆಯದ್ದು ಬರಿಗಣ್ಣಿನ ಸಹಾಯಕನಿಗೆ ಕಂಡಿತ್ತು. 1923ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ರಾಸ್ ಇದನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ. ಜೊತೆಗೆ, ಆತನ ಹೆಸರು ಮರೆತುಹೋಗಿದೆ ಎಂದು ವಿಷಾದವನ್ನೂ ಸೂಚಿಸಿದ್ದಾರೆ.

ಹಾಗೆ ಎದ್ದ ಚುಕ್ಕೆರೆಕ್ಕೆಯ ಸೊಳ್ಳೆಗಳನ್ನು ಆಗಸ್ಟ್ 16ರಂದು ಹುಸೇನ್ ಖಾನನ ಪರದೆಯೊಳಗೆ ಬಿಡಲಾಯಿತು. ರಕ್ತ ಕುಡಿದವನ್ನು ದಿನಕ್ಕಿಷ್ಟು ಎಂದು ಕೊಯ್ದು ನೋಡಿದರೆ ಮೊದಲು ಏನೂ ಸಿಗಲಿಲ್ಲ. ಆಗಸ್ಟ್ 20ರ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯಷ್ಟು. ಆ ದಿನ ಕೊಯ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಅಲ್ಲಿರಬಾರದ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಕಪ್ಪು ಕಣಗಳು. ಮನುಷ್ಯನ ರಕ್ತವನ್ನು ತಿಂದ ಮಲೇರಿಯಾ ಪರೋಪಜೀವಿ ಮಾತ್ರ ಉಳಿಸುವ ಕಪ್ಪು ಅದು. ಹುಸೇನ್ ಖಾನನ ರಕ್ತದಲ್ಲಿ ಕಂಡ ಕಪ್ಪೇ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲೂ ಇತ್ತು. ಮರುದಿನ ಇನ್ನೊಂದು ಸೊಳ್ಳೆ ಕೊಯ್ದಾಗ ಕೋಶಗಳು ಮೊದಲ ದಿನಕ್ಕಿಂತ ದೊಡ್ಡದಾಗಿದ್ದವು. ಬೆಳೆಯುತ್ತಿದೆ ಎಂದರೆ ಜೀವವಿದೆ ಎಂದರ್ಥ. ರಾಸ್ ಆ ಸಂಭ್ರಮದಲ್ಲಿ ಕವಿತೆಯನ್ನೂ ಬರೆದರು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ಶೋಧದ ಲೇಖನ ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅಷ್ಟರಲ್ಲಿ ಸರ್ಕಾರ ಈ ಶೋಧಕನನ್ನು ರಜಪೂತಾನದ ಖೇರ್‌ವಾಡಕ್ಕೆ ವರ್ಗ ಮಾಡಿತ್ತು. ಮನುಷ್ಯರ ಮಲೇರಿಯಾ ಕೇಸುಗಳೇ ಸಿಗದ ಊರು. ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾನ್ಸನ್ನರ ಒತ್ತಾಯದ ಮೇಲೆ 1898ರ ಫೆಬ್ರವರಿಯಲ್ಲಿ ಅವರನ್ನು ಸಂಶೋಧನೆಗೆಂದೇ ಕಲ್ಕತ್ತಕ್ಕೆ ಕಳಿಸಿದರು. ಒಂದು ಪ್ರಯೋಗಾಲಯ ಸಿಕ್ಕಿತು. ಸಹಾಯಕರಾಗಿ ಪುರ್ಬೂನಾ ಮತ್ತು ಮುಹಮ್ಮದ್ ಬಕ್ಷ್ ಎಂಬ ಇಬ್ಬರು ಸೇರಿದರು. ಪುರ್ಬೂನಾ ಮೊದಲ ಸಂಬಳ ತೆಗೆದುಕೊಂಡವನು ಮತ್ತೆ ಬರಲಿಲ್ಲ. ಮುಹಮ್ಮದ್ ಬಕ್ಷ್ ಉಳಿದ. ಕಲ್ಕತ್ತದ ಚರಂಡಿ, ಕೊಳಗಳನ್ನು ತಡಕಿ ಸೊಳ್ಳೆಮರಿ ತರುವುದು, ಅವನ್ನು ಬೆಳೆಸುವುದು, ಹಕ್ಕಿಗಳನ್ನು ನೋಡಿಕೊಳ್ಳುವುದು, ರಾತ್ರಿ ಅವುಗಳ ಮೇಲೆ ಸೊಳ್ಳೆ ಬಿಡುವುದು ಅವನ ಕೆಲಸ.

ಹಕ್ಕಿ ಏಕೆ ಬಂತು? ಇದು ಜನರ ಭಯ ವಿಜ್ಞಾನದ ದಾರಿಯನ್ನೇ ತಿರುಗಿಸಿದ ಪ್ರಸಂಗ. ಆಗ ಪ್ಲೇಗಿನ ಕಾಲ. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಸೋಲ್ಜರುಗಳು ಪ್ಲೇಗ್ ತಪಾಸಣೆಯೆಂದು ಮನೆಮನೆ ನುಗ್ಗಿದ್ದರು. ಅದರ ಸಿಟ್ಟಿಗೆ 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದರು. ಕಲ್ಕತ್ತದಲ್ಲಿ ಹಾಫ್‌ಕಿನ್ ಅವರ ಪ್ಲೇಗ್ ಚುಚ್ಚುಮದ್ದಿನ ಸುದ್ದಿ ಹಬ್ಬಿ ಜನ ದಂಗೆಯೆದ್ದಿದ್ದರು. ಸೂಜಿ ಹಿಡಿದ ಬಿಳಿಯ ಡಾಕ್ಟರನ್ನು ಕಂಡರೆ ಬೀದಿ ಖಾಲಿ. ಮನುಷ್ಯರ ರಕ್ತ ಸಿಗದೆ ರಾಸ್ ಗುಬ್ಬಚ್ಚಿ, ಭಾರದ್ವಾಜ ಹಕ್ಕಿಗಳ ಮಲೇರಿಯಾಗೆ ಕೈಹಾಕಿದರು. ಅದನ್ನು ಹರಡುವುದು ಬೂದು ಸೊಳ್ಳೆ. ಬೆಂಗಳೂರಿನಲ್ಲಿ ಕೈಕೊಟ್ಟ ಸೊಳ್ಳೆ ಇಲ್ಲಿ ಕೈಹಿಡಿಯಿತು. ಜಠರದ ಗೋಡೆಯ ಕೋಶಗಳು ಬಲಿತು ಒಡೆಯುತ್ತವೆ, ಒಳಗಿಂದ ಕಡ್ಡಿಯಂಥ ಸಾವಿರಾರು ಜೀವಿಗಳು ಹೊರಬರುತ್ತವೆ ಎಂದು ಹಂತಹಂತವಾಗಿ ಕಂಡಿತು. ಅವು ಹೋಗಿ ಸೇರುವುದು ಎಲ್ಲಿಗೆ ಎಂಬುದು 1898ರ ಜುಲೈ ಮೊದಲ ವಾರ ತಿಳಿಯಿತು: ಸೊಳ್ಳೆಯ ಜೊಲ್ಲು ಗ್ರಂಥಿಗೆ. ಅಲ್ಲಿಂದ ಕಚ್ಚುವ ಮೂತಿಗೆ, ಮೂತಿಯಿಂದ ರಕ್ತಕ್ಕೆ. ಆರೋಗ್ಯವಾಗಿದ್ದ ಗುಬ್ಬಚ್ಚಿಗಳನ್ನು ಈ ಸೊಳ್ಳೆಗಳಿಂದ ಕಚ್ಚಿಸಿದಾಗ ಅವಕ್ಕೆ ಮಲೇರಿಯಾ ಬಂತು. ಕುಡಿಯುವ ನೀರಿನ ಮಾತು, ಕೆಟ್ಟ ಗಾಳಿಯ ಮಾತು ಅಲ್ಲಿಗೆ ಮುಗಿಯಿತು. ಲಛ್ಮನ್ ಕುಡಿದ ನೀರು ವ್ಯರ್ಥವಾಗಿತ್ತು.

ಆ ಪ್ರಯೋಗಾಲಯದ ಮೆಟ್ಟಿಲ ಬಳಿ ತೆಗೆದ ಒಂದು ಛಾಯಾಚಿತ್ರ ಉಳಿದಿದೆ. ರಾಸ್, ಅವರ ಪತ್ನಿ, ಹಕ್ಕಿಗಳ ಪಂಜರಗಳು, ಜೊತೆಗೆ ಮುಹಮ್ಮದ್ ಬಕ್ಷ್ ಮತ್ತಿಬ್ಬರು ಸಹಾಯಕರು. ಚಿತ್ರದ ಕೆಳಗೆ ಮುಹಮ್ಮದ್ ಬಕ್ಷನ ಹೆಸರಿರುತ್ತದೆ. ಉಳಿದವರು ‘ಇಬ್ಬರು ಸಹಾಯಕರು’. ಅದೇ ವರ್ಷ ರಾಸ್ ಅಸ್ಸಾಮಿಗೆ ಕಾಲಾ ಆಜಾರ್ ರೋಗ ನೋಡಲು ಹೋಗಿ, ಅದೂ ಮಲೇರಿಯಾವೇ ಎಂದು ತಪ್ಪು ತೀರ್ಮಾನಕ್ಕೆ ಬಂದರು. ಉರ್ದುವಿನಲ್ಲಿ ‘ಆಜಾರ್’ ಎಂದರೆ ರೋಗ. ಮೈ ಕಪ್ಪಾಗಿಸುವ ಈ ರೋಗದ ಪರೋಪಜೀವಿ ಬೇರೆಯೇ ಎಂದು 1903ರಲ್ಲಿ ಲೀಶ್‌ಮನ್ ಮತ್ತು ಮದ್ರಾಸಿನ ಡೊನೊವನ್ ತೋರಿಸಿದರು. ಅದಕ್ಕೆ ಇಬ್ಬರ ಹೆಸರನ್ನೂ ಸೇರಿಸಿ ನಾಮಕರಣ ಮಾಡಿದ್ದು ರಾಸ್ ಅವರೇ.

ಇಟಲಿಯ ಗ್ರಾಸಿ ಮತ್ತು ಸಂಗಡಿಗರು 1898ರ ಕೊನೆಗೆ ಮನುಷ್ಯನ ಮಲೇರಿಯಾವನ್ನು ಅನಾಫಿಲೀಸ್ ಸೊಳ್ಳೆಯಲ್ಲೇ ಪೂರ್ತಿ ತೋರಿಸಿದರು. ಮೊದಲು ಯಾರು ಎಂದು ರಾಸ್ ಮತ್ತು ಗ್ರಾಸಿ ನಡುವೆ ನಡೆದ ಜಗಳ ಇಬ್ಬರಿಗೂ ಶೋಭೆ ತರುವಂಥದ್ದಲ್ಲ. ಅದರ ವಿವರ ಇಲ್ಲಿ ಬೇಡ. ಹೆಸರಿಗಾಗಿ ಇಷ್ಟು ಕಾದಾಡಿದವರು ಉಳಿದವರ ಹೆಸರುಗಳ ಬಗ್ಗೆ ತೋರಿದ ಉದಾಸೀನ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

1900ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಯೋಗ ನಡೆಯಿತು. ರೋಮಿನಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆಗಳನ್ನು ತರಿಸಿ ಮ್ಯಾನ್ಸನ್ ತಮ್ಮ ಮಗನನ್ನೇ ಕಚ್ಚಿಸಿದರು. ವೈದ್ಯ ವಿದ್ಯಾರ್ಥಿಯಾಗಿದ್ದ ಆ ಯುವಕ ಒಪ್ಪಿಕೊಂಡೇ ಕೂತಿದ್ದ. ಜ್ವರ ಬಂತು, ಕ್ವಿನೈನಿನಿಂದ ವಾಸಿಯಾಯಿತು. ಅವನ ಜ್ವರದ ಏರಿಳಿತವೆಲ್ಲ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೆಸರು ಸಮೇತ ಅಚ್ಚಾಯಿತು. ಲಛ್ಮನ್ನನ ಜ್ವರಕ್ಕೂ ಥರ್ಬರ್ನ್ ಮ್ಯಾನ್ಸನ್ನನ ಜ್ವರಕ್ಕೂ ನಡುವೆ ಐದು ವರ್ಷಗಳ ಅಂತರ. ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಒಬ್ಬನಿಗೆ ಏನು ಆಗಬಹುದೆಂದು ಗೊತ್ತಿತ್ತು, ಬೇಡ ಎನ್ನುವ ಸ್ವಾತಂತ್ರ್ಯವೂ ಇತ್ತು. ಸಾಹೇಬರ ಡೋಲಿ ಹೊರುವವನಿಗೆ ಬೇಡ ಎನ್ನುವುದು ಅಷ್ಟು ಸುಲಭವಿತ್ತೆ? ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳ ಬಗ್ಗೆ 2019ರಲ್ಲಿ ಬಂದ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಒಳಗಾಗುವವನಿಗೆ ಎಲ್ಲವನ್ನೂ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಓದು ಬಾರದವನಾದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬ ಜೊತೆಗಿರಬೇಕು. ಇಂಥ ನಿಯಮದವರೆಗೆ ಬರಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಶೋಧವಾಯಿತು, ಇನ್ನು ಸೊಳ್ಳೆ ಅಳಿಸಿದರಾಯಿತು ಎಂದುಕೊಂಡದ್ದು ನಡೆಯಲಿಲ್ಲ. ಲಾಹೋರಿನ ಪಕ್ಕದ ಮಿಯಾಂ ಮೀರ್ ದಂಡಿನಲ್ಲಿ (ಸೂಫಿ ಸಂತ ಮಿಯಾಂ ಮೀರರ ಹೆಸರಿನ ಊರು) ಶತಮಾನದ ಮೊದಲ ವರ್ಷಗಳಲ್ಲಿ ಕಾಲುವೆ, ಹೊಂಡಗಳನ್ನು ಮುಚ್ಚಿ ನೋಡಿದರು. ಜ್ವರ ನಿಲ್ಲಲಿಲ್ಲ. ಸೊಳ್ಳೆ ನಿರ್ಮೂಲನ ಆಗದ ಕೆಲಸ ಎಂದು ಸರ್ಕಾರದ ವೈದ್ಯರು ಕೈಚೆಲ್ಲಿದರು. ಅರೆಬರೆ ಮಾಡಿ ಆಗುವುದಿಲ್ಲ ಎನ್ನುತ್ತೀರಲ್ಲ ಎಂದು ರಾಸ್ ಕೆಂಡಕಾರಿದರು. ಆ ಸಿಟ್ಟಿನಿಂದ ಒಂದು ಒಳ್ಳೆಯದೂ ಆಯಿತು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ರೋಗ ತಾನೇ ಆರುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಸಾಂಕ್ರಾಮಿಕ ರೋಗಗಳ ಇಂದಿನ ಲೆಕ್ಕಾಚಾರದ ಬೇರು ಅಲ್ಲಿದೆ. ಕೊರೋನಾ ಕಾಲದಲ್ಲಿ ಒಬ್ಬನಿಂದ ಎಷ್ಟು ಜನಕ್ಕೆ ಹರಡುತ್ತದೆ ಎಂದು ಟಿವಿಯಲ್ಲಿ ದಿನವೂ ಕೇಳಿದ ಮಾತು ಆ ಬೇರಿನದೇ ಕೊಂಬೆ.

ಮೈಸೂರು ಸಂಸ್ಥಾನದಲ್ಲಿ ಈ ಜ್ಞಾನ ನೆಲಕ್ಕಿಳಿದದ್ದು 1920ರ ದಶಕದ ಕೊನೆಗೆ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ. ಶ್ರೀರಂಗಪಟ್ಟಣದ ಹತ್ತಿರದ ನಗೇನಹಳ್ಳಿ, ಮಲೆನಾಡಿನ ಮೂಡಿಗೆರೆ ಮುಂತಾದ ಕಡೆ ಮಲೇರಿಯಾ ಕೇಂದ್ರಗಳು ಶುರುವಾದವು. ಒಂದೇ ರೋಗವಾದರೂ ಎರಡು ಸೀಮೆಯಲ್ಲಿ ಎರಡು ಸೊಳ್ಳೆ: ಬಯಲಿನ ಕಾಲುವೆ, ಗದ್ದೆಗಳಲ್ಲಿ ಒಂದು, ಘಟ್ಟದ ಹರಿಯುವ ತೊರೆಯಲ್ಲಿ ಇನ್ನೊಂದು. ಮಂಡ್ಯ ಸೀಮೆಗೆ ಕಾಲುವೆ ನೀರು ಬಂದಾಗ ಭತ್ತ, ಕಬ್ಬಿನ ಜೊತೆಗೆ ಚಳಿಜ್ವರವೂ ಬಂತು. ನೀರು ಹರಿಸುವವರು ಚರಂಡಿ ಮಾಡುವುದನ್ನು ಮರೆತರೆ ಹೀಗಾಗುತ್ತದೆ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಮೊದಲು ಭಾರತಕ್ಕೆ ತಂದವರು ಮೈಸೂರಿನ ಡಾ. ಬಿ.ಎ. ರಾವ್. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಕೆ. ವಿಶ್ವನಾಥನ್ 1946ರಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಸಿ ನೋಡಿದರು. ಫಲ ಎದ್ದು ಕಂಡಿತು.

1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗುವ ಮುಂಚೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1965ರ ಹೊತ್ತಿಗೆ ಕೇಸುಗಳು ಸುಮಾರು ಒಂದು ಲಕ್ಷಕ್ಕಿಳಿದವು. ಗೆದ್ದೆವೆಂದು ಕೈ ಸಡಿಲ ಬಿಟ್ಟೆವು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ 64 ಲಕ್ಷ ಕೇಸುಗಳು. ನಾನು ಚಿಕ್ಕವನಾಗಿದ್ದಾಗ ಖಾಕಿ ಚೀಲ ಹೆಗಲಿಗೇರಿಸಿದ ಮಲೇರಿಯಾ ಕಾರ್ಯಕರ್ತ ಮೊಹಲ್ಲಾಕ್ಕೆ ಬಂದು ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಕು ಬರೆಯುತ್ತಿದ್ದ. ಜ್ವರ ಇದ್ದವರ ಬೆರಳು ಚುಚ್ಚುತ್ತಿದ್ದ. ನಮ್ಮ ದಾದಿ ಅವನಿಗೆ ಚಹಾ ಕೊಟ್ಟು, ಏಕೆ ಚುಚ್ಚುತ್ತೀಯ, ಎಲ್ಲಿಗೆ ಒಯ್ಯುತ್ತೀಯ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಅವನು ಪ್ರತಿ ಸಲವೂ ಬೇಸರಿಸದೆ ಹೇಳುತ್ತಿದ್ದ. ಅಷ್ಟಾದ ಮೇಲೆಯೇ ಅವಳು ಕೈ ಚಾಚುತ್ತಿದ್ದದ್ದು.

1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡಗಳು ಏಳತೊಡಗಿದಾಗ ಮಲೇರಿಯಾವೂ ಎದ್ದಿತು. ತಾರಸಿಯ ತೊಟ್ಟಿ, ಕಾಂಕ್ರೀಟಿಗೆ ನಿಲ್ಲಿಸಿದ ನೀರು ನಗರದ ಅನಾಫಿಲೀಸ್ ಸೊಳ್ಳೆಗೆ ತವರಾಯಿತು. ಪರದೆಯಿಲ್ಲದೆ ಕಟ್ಟಡದಲ್ಲೇ ಮಲಗುವ ಉತ್ತರ ಕರ್ನಾಟಕದ, ಹೊರರಾಜ್ಯಗಳ ಕೂಲಿಕಾರರು ಮೊದಲು ಜ್ವರಕ್ಕೆ ಬಿದ್ದರು. ಕೂಲಿಕಾರರು ರೋಗ ತಂದರು ಎಂಬ ಮಾತನ್ನು ಈಗಲೂ ಕೇಳುತ್ತೇವೆ. ತೊಟ್ಟಿ ಯಾರದು ಎಂದು ಕೇಳುವವರು ಕಡಿಮೆ.

ಈಗ ಲಸಿಕೆಯೂ ಬಂದಿದೆ. ಆಕ್ಸ್‌ಫರ್ಡಿನವರು ರೂಪಿಸಿ ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್21 ಲಸಿಕೆಯನ್ನು 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಅದರ ಮೊದಲ ಉಪಯೋಗ ಆಫ್ರಿಕಾದ ಮಕ್ಕಳಿಗೆ. ನಮ್ಮಲ್ಲಿ ಮಾತ್ರ ರೋಗ ಪತ್ತೆ ಇಂದಿಗೂ ಬೆರಳ ತುದಿಯ ಹನಿಯಿಂದಲೇ ಶುರುವಾಗುತ್ತದೆ. ಆ ಹನಿ ತೆಗೆಯಲು ಹಳ್ಳಿಯ ಮನೆ ಬಾಗಿಲಿಗೆ ಬರುವವಳು ಆಶಾ ಕಾರ್ಯಕರ್ತೆ. ಆಕೆಗೆ ಇದು ತಿಂಗಳ ಸಂಬಳದ ಕೆಲಸವಲ್ಲ. ಲೆಕ್ಕ ಹನಿಯದು: ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿ ಒಂದು ರಕ್ತಲೇಪನಕ್ಕೆ ನಿಗದಿ ಮಾಡಿದ ಪ್ರೋತ್ಸಾಹಧನ 15 ರೂಪಾಯಿ.